ಎದೆ ಸೀಳದೆ ಹಾಕುವ ವಾಲ್ವ್: ಹಾಕಿಸಿಕೊಂಡವರು ಏನಾದರು?

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಿಯೇ ಆಗಲಿ, ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ. 75 ದಾಟಿದ ಉಮ್ಮ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ದಮ್ಮು ಕಟ್ಟಿ ಗೋಡೆ ಹಿಡಿದು ನಿಲ್ಲುತ್ತಾರೆ. "ವಯಸ್ಸಾಯಿತಲ್ಲ" ಎನ್ನುತ್ತೇವೆ. ಮಸೀದಿಯ ಮೆಟ್ಟಿಲು ಹತ್ತುವಾಗ ಉಪ್ಪನಿಗೆ ಎದೆ ಹಿಡಿದಂತಾಗುತ್ತದೆ. "ಗ್ಯಾಸ್ ಇರಬೇಕು" ಎನ್ನುತ್ತೇವೆ. ತರಾವೀಹ್‌ಗೆ ನಿಂತಿದ್ದ ಹಿರಿಯರು ಕಣ್ಣು ಕತ್ತಲೆ ಬಂದು ಕುಸಿಯುತ್ತಾರೆ. "ಉಪವಾಸ ಹಿಡಿದು ಬಿಪಿ ಇಳಿದಿರಬೇಕು" ಎನ್ನುತ್ತೇವೆ.

ಕೆಲವೊಮ್ಮೆ ನಾವು ಹೇಳಿದ್ದೇ ಸರಿ ಇರುತ್ತದೆ. ಆದರೆ ದಮ್ಮು, ಎದೆನೋವು, ತಲೆಸುತ್ತಿ ಬೀಳುವುದು, ಈ ಮೂರೂ ಸೇರಿ ಒಂದೇ ಕಾಯಿಲೆಯ ಗುರುತೂ ಆಗಿರಬಹುದು. ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲಿನಲ್ಲಿ ಮೂರು ಎಸಳಿನ ಒಂದು ವಾಲ್ವ್ ಇದೆ. ಅದರ ಹೆಸರು ಅಯೋರ್ಟಿಕ್ ವಾಲ್ವ್. ದಿನಕ್ಕೆ ಸುಮಾರು 1 ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಆ ಎಸಳುಗಳ ಮೇಲೆ ಸುಣ್ಣ ಕಟ್ಟಿಕೊಂಡು ಅವು ಕಲ್ಲಿನಂತಾಗುತ್ತವೆ. ಆರೋಗ್ಯವಂತರಲ್ಲಿ 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು 1 ಚದರ ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ವೈದ್ಯರು ಇದನ್ನು ಅಯೋರ್ಟಿಕ್ ಸ್ಟೆನೋಸಿಸ್ ಎನ್ನುತ್ತಾರೆ. ಈ ಸುಣ್ಣ ಕರಗಿಸುವ ಮಾತ್ರೆ ಇವತ್ತಿಗೂ ಇಲ್ಲ. ವಾಲ್ವನ್ನೇ ಬದಲಿಸಬೇಕು.

ಈಗ ಎದೆ ಸೀಳದೆ, ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ತೂರಿಸಿ ಹೊಸ ವಾಲ್ವ್ ಇಡುವ ವಿಧಾನ ಬಂದಿದೆ. ಟಾವಿ ಎಂದೂ ಟಾವರ್ ಎಂದೂ ಕರೆಯುತ್ತಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಈ ಹೆಸರು ಹೇಳಿದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ: "ಎಷ್ಟಾಗುತ್ತದೆ? ಸಕ್ಸಸ್ ಆಗುತ್ತದಾ?" ಎರಡನೆಯ ಪ್ರಶ್ನೆಗೆ ಒಂದೇ ಪದದ ಉತ್ತರ ಇಲ್ಲ. ವಾಲ್ವ್ ಸರಿಯಾಗಿ ಕೂತಿತು ಎಂಬುದು ಒಂದು ಉತ್ತರ. ಅದನ್ನು ಹಾಕಿಸಿಕೊಂಡ ಮನುಷ್ಯ ಒಂದು ವರ್ಷದ ನಂತರ, ಐದು ವರ್ಷದ ನಂತರ ಹೇಗಿದ್ದಾನೆ ಎಂಬುದು ಬೇರೆಯೇ ಉತ್ತರ. ಈ ಚಿಕಿತ್ಸೆಯ ಇತಿಹಾಸವೆಂದರೆ ಎರಡನೆಯ ಉತ್ತರವನ್ನು ಲೆಕ್ಕ ಇಟ್ಟು ಹುಡುಕಿದ ಕಥೆ. ಆ ಕಥೆ ಗೊತ್ತಿದ್ದರೆ ನಮ್ಮ ಮನೆಯ ಹಿರಿಯರ ವಿಷಯದಲ್ಲಿ ತೀರ್ಮಾನ ಮಾಡುವುದು ಸ್ವಲ್ಪ ಸುಲಭವಾಗುತ್ತದೆ.

ಎದೆ ತೆರೆದ ಕಾಲ

1952ರಲ್ಲಿ ಅಮೆರಿಕದ ಚಾರ್ಲ್ಸ್ ಹಫ್‌ನಗೆಲ್ ಎಂಬ ಶಸ್ತ್ರವೈದ್ಯರು ಮನುಷ್ಯನ ದೇಹದೊಳಗೆ ಮೊದಲ ಕೃತಕ ವಾಲ್ವ್ ಇಟ್ಟರು. ಪಂಜರದೊಳಗೆ ಒಂದು ಗುಂಡು, ಅದು ಮೇಲೆ ಕೆಳಗೆ ಆಡುತ್ತ ರಕ್ತ ಹಿಂದೆ ಬರದಂತೆ ತಡೆಯುತ್ತಿತ್ತು. ಹೃದಯದೊಳಗೆ ಕೈಹಾಕುವ ಉಪಾಯ ಆಗ ಇರಲಿಲ್ಲವಾದ್ದರಿಂದ ಅದನ್ನು ಎದೆಯಲ್ಲಿ ಕೆಳಗಿಳಿಯುವ ಮಹಾಪಧಮನಿಯಲ್ಲಿ ಇಟ್ಟಿದ್ದರು. ಹಾರ್ಟ್-ಲಂಗ್ ಮೆಷಿನ್ ಬಂದ ಮೇಲೆ ದಾರಿ ತೆರೆಯಿತು. 1960ರಲ್ಲಿ ಡ್ವೈಟ್ ಹಾರ್ಕೆನ್ ಅಯೋರ್ಟಿಕ್ ವಾಲ್ವ್ ಇರಬೇಕಾದ ಜಾಗದಲ್ಲೇ ಕೃತಕ ವಾಲ್ವ್ ಹೊಲಿದರು. ಅದೇ ವರ್ಷ ಆಲ್ಬರ್ಟ್ ಸ್ಟಾರ್ ಎಂಬ ವೈದ್ಯರು ಲೋವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರ್ ಜೊತೆ ಸೇರಿ ತಯಾರಿಸಿದ ವಾಲ್ವನ್ನು ಮೈಟ್ರಲ್ ಜಾಗದಲ್ಲಿ ಕೂರಿಸಿದರು.

ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1968ರಲ್ಲಿ ಜಾನ್ ರಾಸ್ ಮತ್ತು ಯೂಜೀನ್ ಬ್ರೌನ್ವಾಲ್ಡ್ ಒಟ್ಟುಗೂಡಿಸಿ ಬರೆದರು. ಈ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಲಕ್ಷಣ ಶುರುವಾದ ಮೇಲೆ ಮಾತ್ರ ಕಾಲ ಓಡುತ್ತದೆ. ಎದೆನೋವು ಕಾಣಿಸಿಕೊಂಡ ಮೇಲೆ ಸರಾಸರಿ 5 ವರ್ಷ, ಪ್ರಜ್ಞೆ ತಪ್ಪಿ ಬೀಳತೊಡಗಿದ ಮೇಲೆ 3 ವರ್ಷ, ಹೃದಯ ಸೋತು ದಮ್ಮು ಶುರುವಾದ ಮೇಲೆ 2 ವರ್ಷ. "ವಯಸ್ಸಾಯಿತಲ್ಲ" ಎಂದು ನಾವು ಕಳೆಯುವುದು ಈ ವರ್ಷಗಳನ್ನು.

ಎದೆಯ ಮೂಳೆ ಕೊಯ್ದು, ಹೃದಯ ನಿಲ್ಲಿಸಿ ಮಾಡುವ ಆಪರೇಷನ್ ಲಕ್ಷಾಂತರ ಜನರನ್ನು ಉಳಿಸಿದೆ. ಆದರೆ ಈ ಕಾಯಿಲೆ ಬರುವುದೇ ಹೆಚ್ಚಾಗಿ ವೃದ್ಧರಿಗೆ. ಕಿಡ್ನಿ ಸೋತವರು, ಶ್ವಾಸಕೋಶ ಕೆಟ್ಟವರು, ಹಿಂದೊಮ್ಮೆ ಬೈಪಾಸ್ ಆದವರು ಈ ಆಪರೇಷನ್ ತಾಳುವುದಿಲ್ಲವೆಂದು ವೈದ್ಯರೇ ಹಿಂದೆ ಸರಿಯುತ್ತಿದ್ದರು. ಯುರೋಪಿನಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ವಾಲ್ವ್ ತೀವ್ರವಾಗಿ ಕಿರಿದಾಗಿ ಲಕ್ಷಣಗಳೂ ಇದ್ದ 75 ದಾಟಿದ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಿಗೆ ಆಪರೇಷನ್ ಬೇಡವೆಂದು ತೀರ್ಮಾನಿಸಲಾಗಿತ್ತು. ಕ್ಯಾಥೆಟರ್ ವಾಲ್ವಿನ ಕಥೆ ಶುರುವಾಗುವುದು ಹೀಗೆ ವಾಪಸು ಕಳುಹಿಸಿದ ಮುದುಕ ಮುದುಕಿಯರಿಂದ.

ಬಲೂನು ಕಲಿಸಿದ ಪಾಠ

ಫ್ರಾನ್ಸಿನ ರೂವಾಂ ಎಂಬ ಊರಿನಲ್ಲಿ ಅಲೇನ್ ಕ್ರಿಬಿಯೆ ಎಂಬ ಹೃದಯ ತಜ್ಞರಿದ್ದರು. 1977ರಲ್ಲಿ ಝ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಬಲೂನಿನಿಂದ ಹೃದಯದ ಕಿರಿದಾದ ರಕ್ತನಾಳ ತೆರೆದು ತೋರಿಸಿದ್ದರು. ಅದೇ ಬಲೂನಿನಿಂದ ಕಲ್ಲಾದ ವಾಲ್ವನ್ನೂ ತೆರೆಯಬಹುದಲ್ಲ ಎಂದು ಕ್ರಿಬಿಯೆ 1985ರಲ್ಲಿ ಆಪರೇಷನ್ ಸಾಧ್ಯವಿಲ್ಲದ ಒಬ್ಬ ವೃದ್ಧೆಯ ಮೇಲೆ ಪ್ರಯತ್ನಿಸಿದರು. ವಾಲ್ವ್ ತೆರೆಯಿತು, ದಮ್ಮು ಇಳಿಯಿತು. ಸುದ್ದಿ ಹರಡಿ ಜಗತ್ತಿನ ಹಲವು ಕಡೆ ಇದು ಶುರುವಾಯಿತು.

ಕೆಲವೇ ತಿಂಗಳಲ್ಲಿ ವಾಲ್ವ್ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಮೆರಿಕದಲ್ಲಿ ಬಲೂನು ಚಿಕಿತ್ಸೆ ಪಡೆದ 674 ಜನರ ಹೆಸರು ಬರೆದಿಟ್ಟು ಹಿಂಬಾಲಿಸಿದರು. ಒಂದು ವರ್ಷದ ಕೊನೆಗೆ ಬದುಕಿದ್ದವರು 100ರಲ್ಲಿ 55, ಮೂರು ವರ್ಷದ ಕೊನೆಗೆ 23. ಚಿಕಿತ್ಸೆ ಇಲ್ಲದವರ ಗತಿಗಿಂತ ಇದು ಹೆಚ್ಚೇನೂ ಬೇರೆ ಆಗಿರಲಿಲ್ಲ. ಚಿಕಿತ್ಸೆಯ ಕೋಣೆಯಿಂದ ನಗುತ್ತ ಹೊರಬಂದವರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದರು. ಆ ದಿನದ ಸಕ್ಸಸ್ ನಿಜವಾದ ಸಕ್ಸಸ್ ಅಲ್ಲ ಎಂಬುದು ಈ ಲೆಕ್ಕದಿಂದ ಗೊತ್ತಾಯಿತು. ಕ್ರಿಬಿಯೆಗೂ ಇದು ಅರ್ಥವಾಗಿತ್ತು. ತೆರೆದರೆ ಸಾಲದು, ತೆರೆದ ಬಾಗಿಲು ತೆರೆದೇ ಇರುವಂತೆ ಒಳಗೆ ಹೊಸ ಚೌಕಟ್ಟು ಕೂರಿಸಬೇಕು.

ಮಾಂಸದಂಗಡಿಯಿಂದ ತಂದ ವಾಲ್ವ್

ಚೌಕಟ್ಟಿನೊಳಗೆ ವಾಲ್ವ್ ಎಂಬ ಯೋಚನೆ ಅಷ್ಟರಲ್ಲಿ ಇನ್ನೊಬ್ಬರ ತಲೆಯಲ್ಲೂ ಹುಟ್ಟಿತ್ತು. ಡೆನ್ಮಾರ್ಕಿನ ಹೆನ್ನಿಂಗ್ ರುಡ್ ಆಂಡರ್ಸನ್ ಎಂಬ ಯುವ ವೈದ್ಯರು 1989ರಲ್ಲಿ ಅಮೆರಿಕದ ಒಂದು ಸಮ್ಮೇಳನಕ್ಕೆ ಹೋಗಿದ್ದರು. ರಕ್ತನಾಳದೊಳಗೆ ಇಡುವ ಸ್ಟೆಂಟಿನ ಬಗ್ಗೆ ಹುಲಿಯೋ ಪಾಲ್ಮಾಝ್ ಅಲ್ಲಿ ಮಾತನಾಡಿದರು. ಸ್ಟೆಂಟನ್ನು ದೊಡ್ಡದು ಮಾಡಿ ಅದರೊಳಗೆ ಒಂದು ವಾಲ್ವ್ ಹೊಲಿದರೆ ಹೇಗೆ ಎಂದು ಆಂಡರ್ಸನ್‌ಗೆ ಹೊಳೆಯಿತು. ಊರಿಗೆ ಬಂದು ಅಂಗಡಿಯಿಂದ ತಂತಿ ತಂದು ಬಾಗಿಸಿದರು, ಮಾಂಸದಂಗಡಿಯಿಂದ ಹಂದಿಯ ಹೃದಯ ತಂದು ಅದರ ವಾಲ್ವನ್ನು ತಂತಿಗೆ ಹೊಲಿದರು. 1989ರ ಮೇ 1ರಂದು ಜೀವಂತ ಹಂದಿಯೊಂದರಲ್ಲಿ ಕ್ಯಾಥೆಟರ್ ಮೂಲಕ ಅದನ್ನು ಕೂರಿಸಿದರು, ಅದು ಕೆಲಸ ಮಾಡಿತು. ಪ್ರಕಟಿಸಲು ಹೊರಟರೆ ಪತ್ರಿಕೆಗಳು ಹಿಂದಕ್ಕೆ ಕಳುಹಿಸಿದವು. ಕೊನೆಗೆ ಅದು ಅಚ್ಚಾದದ್ದು 1992ರಲ್ಲಿ.

ಮನುಷ್ಯನಲ್ಲಿ ಮೊದಲು ಆದದ್ದು ಬೇರೆ ವಾಲ್ವಿಗೆ. 2000ದಲ್ಲಿ ಪ್ಯಾರಿಸ್‌ನಲ್ಲಿ ಫಿಲಿಪ್ ಬೊನ್‌ಹಾಫರ್ 12 ವರ್ಷದ ಹುಡುಗನಿಗೆ, ದನದ ಕತ್ತಿನ ರಕ್ತನಾಳದಲ್ಲಿರುವ ವಾಲ್ವನ್ನು ಸ್ಟೆಂಟಿಗೆ ಹೊಲಿದು ಶ್ವಾಸಕೋಶದ ಕಡೆಗಿನ ದಾರಿಯಲ್ಲಿ ಕೂರಿಸಿದರು. ಹುಡುಗನಿಗೆ ಮತ್ತೊಮ್ಮೆ ಎದೆ ಸೀಳುವುದು ತಪ್ಪಿತು.

ಆದರೆ ಅಯೋರ್ಟಿಕ್ ವಾಲ್ವಿನ ಜಾಗ ಹೆಚ್ಚು ಅಪಾಯದ್ದು. ಅದರ ಪಕ್ಕದಲ್ಲೇ ಹೃದಯಕ್ಕೆ ರಕ್ತ ಕೊಡುವ ನಾಳಗಳ ಬಾಯಿ ಇದೆ, ಕೆಳಗೆ ಹೃದಯಬಡಿತದ ವಿದ್ಯುತ್ ದಾರಿ ಇದೆ, ಮೇಲಕ್ಕೆ ಹೋದರೆ ಮೆದುಳು. ಸುಣ್ಣದ ಚೂರು ಸಿಡಿದರೆ ಪಾರ್ಶ್ವವಾಯು. ಕ್ರಿಬಿಯೆ ಹೋದಲ್ಲೆಲ್ಲ ಕಂಪನಿಗಳು ಆಗದು ಎಂದವು. 1999ರಲ್ಲಿ ಕೆಲವರು ಸೇರಿ ಸಣ್ಣ ಕಂಪನಿ ಕಟ್ಟಿದ ಮೇಲೆ ವಾಲ್ವ್ ತಯಾರಾಯಿತು, ಕುರಿಗಳ ಮೇಲೆ ಪರೀಕ್ಷೆ ನಡೆಯಿತು.

ಮೊದಲ ರೋಗಿ

2002ರ ಏಪ್ರಿಲ್ 16. ರೂವಾಂ ಆಸ್ಪತ್ರೆಯಲ್ಲಿ 57 ವರ್ಷದ ಒಬ್ಬ ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದ. ವಾಲ್ವ್ ಪೂರ್ತಿ ಕಲ್ಲಾಗಿತ್ತು, ಹೃದಯ ರಕ್ತ ನೂಕಲಾರದೆ ಬಿಪಿ ಕುಸಿದಿತ್ತು, ಕಾಲಿಗೆ ರಕ್ತ ಹೋಗುತ್ತಿರಲಿಲ್ಲ. ಶಸ್ತ್ರವೈದ್ಯರು ಆಗದು ಎಂದಿದ್ದರು. ಬಲೂನು ಹಾಕಿ ನೋಡಿದರೂ ಉಪಯೋಗವಾಗಿರಲಿಲ್ಲ. ಕಾಲಿನ ರಕ್ತನಾಳ ಕೆಟ್ಟಿದ್ದರಿಂದ ಕ್ರಿಬಿಯೆ ಸುತ್ತು ದಾರಿ ಹಿಡಿದರು. ಸಿರೆಯ ಮೂಲಕ ಹೃದಯದ ಬಲಭಾಗಕ್ಕೆ ಹೋಗಿ, ನಡುವಿನ ಗೋಡೆ ದಾಟಿ, ಎಡಭಾಗದೊಳಗಿಂದ ವಾಲ್ವಿನ ಜಾಗ ತಲುಪಿದರು. ದನದ ಹೃದಯದ ಹೊರಪೊರೆಯಿಂದ ಮಾಡಿದ ಮೂರು ಎಸಳಿನ ವಾಲ್ವ್ ಬಲೂನಿನ ಮೇಲೆ ಅರಳಿ ಕೂತಿತು. ಎರಡು ದಿನದ ನಂತರ ನೋಡಿದಾಗಲೂ ಅದು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಆ ಮನುಷ್ಯ 17 ವಾರ ಬದುಕಿದ. ಕಾಲಿನ ಸ್ಥಿತಿ ಹದಗೆಟ್ಟು ಕಾಲು ತೆಗೆಯಬೇಕಾಯಿತು. ಗಾಯ ಮಾಯಲಿಲ್ಲ, ಸೋಂಕು ಹತ್ತಿ ತೀರಿಕೊಂಡ. ವಾಲ್ವ್ ಮಾತ್ರ ಕೊನೆಯ ತನಕ ಸರಿಯಾಗಿಯೇ ಇತ್ತು.

ಕ್ರಿಬಿಯೆ ಮತ್ತು ಜೊತೆಗಾರರು ಆ ವರ್ಷವೇ ಬರೆದ ವರದಿಯಲ್ಲಿ ಇದೆಲ್ಲವನ್ನೂ ಬಚ್ಚಿಡದೆ ಬರೆದಿದ್ದಾರೆ. ವಾಲ್ವ್ ಗೆದ್ದಿತು, ರೋಗಿ ಉಳಿಯಲಿಲ್ಲ. ಆದರೂ ಆ ನಾಲ್ಕು ತಿಂಗಳು ಇಲ್ಲದಿದ್ದರೆ ಮುಂದಿನದು ಯಾವುದೂ ಇರುತ್ತಿರಲಿಲ್ಲ. ಅವನ ಹೆಸರು ನಮಗೆ ಬೇಕಿಲ್ಲ. ನಂತರ ಈ ವಾಲ್ವ್ ಹಾಕಿಸಿಕೊಂಡು ಮೊಮ್ಮಕ್ಕಳ ಮದುವೆ ನೋಡಿದವರೆಲ್ಲ ಅವನಿಗೆ ಋಣಿಗಳು.

ನೂರರಲ್ಲಿ ಎಷ್ಟು ಮಂದಿ?

2004ರಲ್ಲಿ ಎಡ್ವರ್ಡ್ಸ್ ಕಂಪನಿ ಈ ವಾಲ್ವನ್ನು ಕೊಂಡಿತು. ಅದೇ ಹೊತ್ತಿಗೆ ತಾನಾಗಿಯೇ ಅರಳುವ ಚೌಕಟ್ಟಿನ ಕೋರ್‌ವಾಲ್ವ್ ಎಂಬುದೂ ಬಂತು. ಕೆನಡಾದ ಜಾನ್ ವೆಬ್ ತೊಡೆಯ ಅಪಧಮನಿಯಿಂದ ನೇರವಾಗಿ ಹೋಗುವ ಸುಲಭದ ದಾರಿಯನ್ನು ಪಳಗಿಸಿದರು. 2007ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಆದರೆ ಬಲೂನಿನ ಪಾಠ ಯಾರೂ ಮರೆತಿರಲಿಲ್ಲ. ನಿಜವಾಗಿ ಜೀವ ಉಳಿಯುತ್ತದೆಯೇ ಎಂದು ತಿಳಿಯಲು ಪಾರ್ಟ್ನರ್ ಎಂಬ ಹೆಸರಿನ ದೊಡ್ಡ ಪರೀಕ್ಷೆ ನಡೆಯಿತು. ಆಪರೇಷನ್ ಸಾಧ್ಯವೇ ಇಲ್ಲದ 358 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅವರ ಸರಾಸರಿ ವಯಸ್ಸು 83. ಒಂದು ಗುಂಪಿಗೆ ಟಾವಿ, ಇನ್ನೊಂದಕ್ಕೆ ಔಷಧ ಮತ್ತು ಹೆಚ್ಚಿನವರಿಗೆ ಬಲೂನು.

2010ರಲ್ಲಿ ಫಲಿತಾಂಶ ಬಂತು. ಒಂದು ವರ್ಷದೊಳಗೆ ಟಾವಿ ಇಲ್ಲದ ಗುಂಪಿನಲ್ಲಿ ತೀರಿಕೊಂಡವರು ಶೇ. 50.7, ಟಾವಿ ಆದವರಲ್ಲಿ ಶೇ. 30.7. ಅಂದರೆ 100 ಜನಕ್ಕೆ ಹಾಕಿದರೆ ಒಂದು ವರ್ಷದಲ್ಲಿ 20 ಜೀವ ಹೆಚ್ಚು ಉಳಿಯುತ್ತದೆ. ಹೃದ್ರೋಗದ ಚಿಕಿತ್ಸೆಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. ಬದುಕಿದವರ ಸ್ಥಿತಿಯಲ್ಲೂ ವ್ಯತ್ಯಾಸವಿತ್ತು. ಸ್ವಲ್ಪ ನಡೆದರೂ ಅಥವಾ ಸುಮ್ಮನೆ ಕುಳಿತರೂ ದಮ್ಮು ಬರುವವರು ಟಾವಿ ಗುಂಪಿನಲ್ಲಿ ನಾಲ್ವರಲ್ಲಿ ಒಬ್ಬರು, ಇನ್ನೊಂದು ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಬೇಕು. ಟಾವಿ ಆದರೂ ಒಂದು ವರ್ಷದಲ್ಲಿ 100ರಲ್ಲಿ 31 ಜನ ತೀರಿಕೊಂಡರು. ಐದು ವರ್ಷವಾಗುವಾಗ ಟಾವಿ ಗುಂಪಿನಲ್ಲಿ ಶೇ. 71.8, ಇನ್ನೊಂದರಲ್ಲಿ ಶೇ. 93.6 ಜನ ಇರಲಿಲ್ಲ. ವಾಲ್ವ್ ಹೊಸದಾದರೂ ಕಿಡ್ನಿ, ಶ್ವಾಸಕೋಶ, ವಯಸ್ಸು ಹಳೆಯವೇ.

ಮರುವರ್ಷ, ಆಪರೇಷನ್ ಮಾಡಬಹುದಾದರೂ ಅಪಾಯ ಹೆಚ್ಚಿರುವ 699 ರೋಗಿಗಳ ಲೆಕ್ಕ ಬಂತು. ಒಂದು ವರ್ಷದಲ್ಲಿ ಟಾವಿ ಆದವರಲ್ಲಿ ಶೇ. 24.2, ಎದೆ ತೆರೆದವರಲ್ಲಿ ಶೇ. 26.8 ಮರಣ. ಎರಡೂ ಹೆಚ್ಚುಕಮ್ಮಿ ಸಮ. 2011ರ ನವೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು, ಅದೂ ಮೊದಲು ಆಪರೇಷನ್ ಸಾಧ್ಯವಿಲ್ಲದವರಿಗೆ ಮಾತ್ರ.

ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆ ಅಪಾಯದವರ ಕಡೆಗೆ ಬಂದರು. 2016ರಲ್ಲಿ ಮಧ್ಯಮ ಅಪಾಯದ 2,032 ಜನರ ಫಲಿತಾಂಶ. 2019ರಲ್ಲಿ ಅಪಾಯ ಕಡಿಮೆ ಇರುವ, ಸರಾಸರಿ 73 ವರ್ಷದವರ ಫಲಿತಾಂಶ. ಈ ಗುಂಪಿನಲ್ಲಿ ಒಂದು ವರ್ಷದೊಳಗೆ ಸಾವು, ಪಾರ್ಶ್ವವಾಯು ಅಥವಾ ಮತ್ತೆ ಆಸ್ಪತ್ರೆ ಸೇರುವುದು, ಈ ಮೂರರಲ್ಲಿ ಒಂದಾದರೂ ಆದವರು ಟಾವಿಯಲ್ಲಿ ಶೇ. 8.5, ಆಪರೇಷನ್‌ನಲ್ಲಿ ಶೇ. 15.1. ಸಾವು ಮಾತ್ರ ಲೆಕ್ಕ ಹಾಕಿದರೆ ಶೇ. 1 ಮತ್ತು ಶೇ. 2.5. ಪತ್ರಿಕೆಗಳಲ್ಲಿ ನಾವು ಓದುವ ಹೊಳೆಯುವ ಅಂಕಿಗಳು ಹೆಚ್ಚಾಗಿ ಇಲ್ಲಿಂದ ಬಂದವು. ಆದರೆ 2023ರಲ್ಲಿ ಇದೇ ಗುಂಪಿನ ಐದು ವರ್ಷದ ಲೆಕ್ಕ ಬಂದಾಗ ಮೊದಲಿನ ಅಂತರ ಕಿರಿದಾಗಿತ್ತು. ಸಾವು ಟಾವಿಯಲ್ಲಿ ಶೇ. 10, ಆಪರೇಷನ್‌ನಲ್ಲಿ ಶೇ. 8.2. ಇಷ್ಟು ಸಣ್ಣ ವ್ಯತ್ಯಾಸದಿಂದ ಯಾವುದು ಮೇಲು ಎಂದು ಹೇಳಲಾಗದು. ಟಾವಿ ಆದವರು ಬೇಗ ಎದ್ದು ಓಡಾಡುತ್ತಾರೆ ಎಂಬುದು ನಿಜ. ಅವರೇ ಹೆಚ್ಚು ಕಾಲ ಬದುಕುತ್ತಾರೆ ಎಂದು ಇದರಿಂದ ಹೇಳುವಂತಿಲ್ಲ.

ಇಲ್ಲೇ ನಾವು ಎಡವುವುದು. ಒಂದೇ ಚಿಕಿತ್ಸೆಗೆ ಒಂದು ವರ್ಷದ ಸಾವು ಶೇ. 30 ಎಂದೂ ಹೇಳಬಹುದು, ಶೇ. 1 ಎಂದೂ ಹೇಳಬಹುದು. ಎರಡೂ ಸುಳ್ಳಲ್ಲ. ಮೊದಲನೆಯದು ಕಿಡ್ನಿ ಸೋತು ಹಾಸಿಗೆ ಹಿಡಿದ 83ರ ಅಜ್ಜಿಯರದು, ಎರಡನೆಯದು ಬೇರೇನೂ ತೊಂದರೆ ಇಲ್ಲದ 73ರ ಗಟ್ಟಿ ಮನುಷ್ಯರದು. ನಮ್ಮ ಉಮ್ಮ ಯಾವ ಸಾಲಿನಲ್ಲಿ ನಿಲ್ಲುತ್ತಾರೆ ಎಂದು ಕೇಳದೆ ಅಂಕಿ ಕೇಳಿ ಪ್ರಯೋಜನವಿಲ್ಲ.

ಲೆಕ್ಕದ ಇನ್ನೊಂದು ಪುಟ

ಮೊದಲ ವರ್ಷಗಳಲ್ಲಿ ವಾಲ್ವ್ ಒಯ್ಯುವ ಕೊಳವೆ ದಪ್ಪವಿತ್ತು. 2010ರ ಪರೀಕ್ಷೆಯಲ್ಲಿ 30 ದಿನದೊಳಗೆ ಶೇ. 16.2 ಮಂದಿಗೆ ರಕ್ತನಾಳಕ್ಕೆ ದೊಡ್ಡ ಪೆಟ್ಟಾಯಿತು, ಶೇ. 5 ಮಂದಿಗೆ ದೊಡ್ಡ ಪಾರ್ಶ್ವವಾಯು ಹೊಡೆಯಿತು. ಕೊಳವೆ ಸಣ್ಣದಾದಂತೆ, ಸಿಟಿ ಸ್ಕ್ಯಾನ್‌ನಲ್ಲಿ ಮೊದಲೇ ಅಳತೆ ತೆಗೆಯುವ ಕ್ರಮ ಬಂದಂತೆ ಎರಡೂ ಬಹಳ ಇಳಿದವು.

ಎರಡನೆಯದು ಅಂಚಿನ ಸೋರಿಕೆ. ಆಪರೇಷನ್‌ನಲ್ಲಿ ಹಳೆಯ ವಾಲ್ವ್ ಕತ್ತರಿಸಿ ತೆಗೆದು ಹೊಸದನ್ನು ಹೊಲಿಯುತ್ತಾರೆ. ಟಾವಿಯಲ್ಲಿ ಹಳೆಯದನ್ನು ಪಕ್ಕಕ್ಕೆ ಒತ್ತಿ ಹೊಸದನ್ನು ಕೂರಿಸುತ್ತಾರೆ. ಸುಣ್ಣದ ಉಬ್ಬುತಗ್ಗಿನಿಂದಾಗಿ ಅಂಚಿನಲ್ಲಿ ಸಂದು ಉಳಿದರೆ ರಕ್ತ ಹಿಂದಕ್ಕೆ ಸೋರುತ್ತದೆ. ಹೆಚ್ಚು ಸೋರಿದವರು ಹೆಚ್ಚು ಬೇಗ ತೀರಿಕೊಂಡರು ಎಂದು ಲೆಕ್ಕ ತೋರಿಸಿತು. ಆಮೇಲೆ ವಾಲ್ವಿನ ಹೊರಗೆ ಬಟ್ಟೆಯ ಅಂಚು ಕಟ್ಟುವುದು ಶುರುವಾಯಿತು. ರೋಗಿಗಳ ಲೆಕ್ಕ ನೋಡಿ ವಾಲ್ವನ್ನೇ ತಿದ್ದಿದರು.

ಮೂರನೆಯದು ಪೇಸ್‌ಮೇಕರ್. ವಾಲ್ವಿನ ಚೌಕಟ್ಟು ಕೆಳಗಿನ ವಿದ್ಯುತ್ ದಾರಿಯನ್ನು ಒತ್ತಿದರೆ ಹೃದಯಬಡಿತ ನಿಧಾನವಾಗುತ್ತದೆ. 2019ರ ಎರಡು ಪರೀಕ್ಷೆಗಳಲ್ಲಿ, ತಾನಾಗಿ ಅರಳುವ ವಾಲ್ವ್ ಹಾಕಿದವರಲ್ಲಿ ಶೇ. 17.4 ಮಂದಿಗೆ, ಬಲೂನಿನಿಂದ ಅರಳಿಸುವ ವಾಲ್ವ್ ಹಾಕಿದವರಲ್ಲಿ ಶೇ. 6.5 ಮಂದಿಗೆ ಒಂದು ತಿಂಗಳೊಳಗೆ ಹೊಸ ಪೇಸ್‌ಮೇಕರ್ ಬೇಕಾಯಿತು. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು "ಏನೋ ಎಡವಟ್ಟು ಮಾಡಿದ್ದಾರೆ" ಎಂದುಕೊಳ್ಳುತ್ತಾರೆ.

ಬಾಳಿಕೆಯ ಪ್ರಶ್ನೆಯೂ ಇದೆ. ಡೆನ್ಮಾರ್ಕ್ ಮತ್ತು ಸ್ವೀಡನ್‌ನಲ್ಲಿ 280 ವೃದ್ಧರನ್ನು ಹತ್ತು ವರ್ಷ ಹಿಂಬಾಲಿಸಿದರು. ಬದುಕಿನ ಲೆಕ್ಕ ಎರಡು ಗುಂಪಿನಲ್ಲೂ ಒಂದೇ, ಹತ್ತು ವರ್ಷಕ್ಕೆ ಸುಮಾರು ಮೂರನೇ ಎರಡು ಭಾಗ ಜನ ತೀರಿಕೊಂಡಿದ್ದರು. ವಾಲ್ವ್ ತೀವ್ರವಾಗಿ ಕೆಟ್ಟದ್ದು ಟಾವಿಯಲ್ಲಿ ಶೇ. 1.5, ಆಪರೇಷನ್‌ನ ಪ್ರಾಣಿಜನ್ಯ ವಾಲ್ವಿನಲ್ಲಿ ಶೇ. 10. ಇದು ಸಮಾಧಾನದ ಸುದ್ದಿ. ಆದರೆ ಅವರು ಶುರುವಿನಲ್ಲೇ 79ರ ಆಸುಪಾಸಿನವರು. 55ರಲ್ಲಿ ಹಾಕಿಸಿಕೊಂಡವರಿಗೆ ಇಪ್ಪತ್ತು ವರ್ಷ ಬರುತ್ತದೆಯೇ ಎಂಬುದಕ್ಕೆ ಇದು ಉತ್ತರವಲ್ಲ.

ಕೊನೆಯದು ಹೇಳಲು ಕಷ್ಟವಾದದ್ದು. ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ ಟಾವಿ ಆದ ಆರು ತಿಂಗಳ ನಂತರ ಸುಮಾರು ಮೂರನೇ ಒಂದು ಭಾಗ ಜನ ಒಂದೋ ಬದುಕಿರಲಿಲ್ಲ, ಇಲ್ಲವೇ ಬದುಕು ಮೊದಲಿನಷ್ಟೇ ಕಷ್ಟವಾಗಿತ್ತು. 2010ರ ಗುಂಪಿನಲ್ಲೂ ಬೇರೆ ಕಾಯಿಲೆಗಳು ತೀರಾ ಹೆಚ್ಚಿದ್ದವರಿಗೆ ಎರಡು ವರ್ಷದ ನಂತರ ಜೀವದ ಲಾಭ ಕಾಣಲಿಲ್ಲ. ಟಾವಿಯ ಖರ್ಚು ನಮ್ಮಲ್ಲಿ ಹತ್ತು ಲಕ್ಷ ದಾಟುತ್ತದೆ. ಚಿನ್ನ ಅಡವಿಟ್ಟು, ಜಾಗ ಮಾರಿ, ಗಲ್ಫಿನ ಮಕ್ಕಳಿಂದ ತರಿಸಿ, ಜಮಾಅತಿನ ಮುಂದೆ ಕೈಚಾಚಿ ಹೊಂದಿಸುವ ಹಣ ಅದು. "ಹಣ ಇಲ್ಲದ್ದಕ್ಕೆ ಉಮ್ಮನನ್ನು ಬಿಟ್ಟರು" ಎಂದು ಜನ ಆಡಿಕೊಳ್ಳುತ್ತಾರೆಂಬ ಹೆದರಿಕೆಯಿಂದ ಮಾಡಿಸಬಾರದು. "ವಯಸ್ಸಾಯಿತು, ಸಾಕು" ಎಂದು ಬಿಟ್ಟುಬಿಡಲೂಬಾರದು. ಎರಡರ ನಡುವೆ ಇರುವುದು ಲೆಕ್ಕ, ಮತ್ತು ಉಮ್ಮನ ಸ್ವಂತ ಇಷ್ಟ.

ಹಂದಿಯೋ ದನವೋ

ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ, ಡಾಕ್ಟರ ಮುಂದೆ ಕೇಳಲು ಸಂಕೋಚ. ವಾಲ್ವ್ ಯಾವುದರಿಂದ ಮಾಡಿದ್ದು? ಟಾವಿ ವಾಲ್ವುಗಳ ಎಸಳು ಪ್ರಾಣಿಯ ಹೃದಯದ ಹೊರಪೊರೆಯದು. ಎಡ್ವರ್ಡ್ಸ್‌ನ ಸೇಪಿಯನ್ ಮತ್ತು ಗುಜರಾತಿನ ವಾಪಿಯಲ್ಲಿ ಮೆರಿಲ್ ಕಂಪನಿ ತಯಾರಿಸುವ ಮೈವಾಲ್ ದನದ ಪೊರೆಯವು. ಕೋರ್‌ವಾಲ್ವ್ ಮತ್ತು ಅದರ ನಂತರದ ಇವೊಲ್ಯೂಟ್ ಹಂದಿಯ ಪೊರೆಯವು. ಆದ್ದರಿಂದ ಆಯ್ಕೆ ಇದೆ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಕೆಲವೊಮ್ಮೆ ವಾಲ್ವಿನ ಅಳತೆ, ರಕ್ತನಾಳದ ತಿರುವು, ಸುಣ್ಣದ ಜಾಗ ನೋಡಿ ಡಾಕ್ಟರು ಇಂಥದ್ದೇ ಒಳ್ಳೆಯದು ಎನ್ನಬಹುದು.

ದನದ್ದಾದರೂ ಹಲಾಲಾಗಿ ಕೊಯ್ದದ್ದೇ ಎಂದು ಕೇಳುವವರಿದ್ದಾರೆ. ಇದು ಹೊಸ ಪ್ರಶ್ನೆಯಲ್ಲ. ಶಾಫಿಈ ಮದ್‌ಹಬಿನ ಇಮಾಂ ನವವಿಯವರು 13ನೇ ಶತಮಾನದಲ್ಲಿ ಬರೆದ, ನಮ್ಮ ದರ್ಸ್‌ಗಳಲ್ಲಿ ಗೊತ್ತಿರುವ ಮಿನ್ಹಾಜ್ ಕಿತಾಬಿನಲ್ಲಿ ಮುರಿದ ಮೂಳೆಗೆ ಬೇರೆ ಮೂಳೆ ಜೋಡಿಸುವ ಮಾತು ಬರುತ್ತದೆ. ಶುದ್ಧವಾದದ್ದು ಸಿಗದೆ ನಜಸಾದದ್ದನ್ನು ಜೋಡಿಸಿದರೆ ಅವನಿಗೆ ವಿನಾಯಿತಿ ಇದೆ ಎಂಬುದು ಅಲ್ಲಿನ ವಿಧಿ. ಜೀವದ ಪ್ರಶ್ನೆ ಬಂದಾಗ ಳರೂರತ್ ಎಂಬ ತತ್ವವೂ ಇದೆ. ನಿಮ್ಮ ಮನೆಯ ಸಂದರ್ಭಕ್ಕೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಡಾಕ್ಟರು ಕೊಟ್ಟ ವಿವರ ಹಿಡಿದುಕೊಂಡು ಉಸ್ತಾದರ ಬಳಿ ಕೇಳಿ. ಆದರೆ ಕೇಳುವುದು ಬೇಗ ಆಗಲಿ. ಕೇಳದೆ ಸಂಕೋಚದಲ್ಲೇ ತಿಂಗಳು ಕಳೆಯುವುದು ಎಲ್ಲಕ್ಕಿಂತ ನಷ್ಟ.

ನಮ್ಮ ಕಡೆಯ ವಾಲ್ವ್

ವಾಲ್ವ್ ಕಾಯಿಲೆ ಎಂದರೆ ಎಲ್ಲರಿಗೂ ಟಾವಿ ಅಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಟ್ಟ ಯುವಕ ಯುವತಿಯರು ನಮ್ಮ ದೇಶದಲ್ಲಿ ಬಹಳ. ಅವರಲ್ಲಿ ಕೆಡುವುದು ಹೆಚ್ಚಾಗಿ ಮೈಟ್ರಲ್ ವಾಲ್ವ್. ದಶಕಗಳ ಕಾಲ ಬಾಳಬೇಕಾದ ಅವರಿಗೆ ಲೋಹದ ವಾಲ್ವ್ ಹಾಕುವುದುಂಟು. ಅದರಲ್ಲಿ ಪ್ರಾಣಿಯ ಅಂಶದ ಎಸಳಿಲ್ಲ, ಆದರೆ ರಕ್ತ ಹೆಪ್ಪುಗಟ್ಟದ ಮಾತ್ರೆ ಜೀವನವಿಡೀ ಬೇಕು.

ಅಂಥವರಿಗಾಗಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ ಕಡಿಮೆ ಬೆಲೆಯ ವಾಲ್ವ್ ತಯಾರಿಸಲು ಹೊರಟಿತ್ತು. ಮೊದಲ ಮೂರು ಮಾದರಿಗಳು ವಿಫಲವಾದವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿ ಮನುಷ್ಯನಿಗೆ ಹಾಕಿದರು. ಟಿಟಿಕೆ ಚಿತ್ರಾ ಎಂಬ ಹೆಸರಿನ ಆ ವಾಲ್ವ್ ಅಂದಿನಿಂದ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಕೂತಿದೆ. ವಲಿಯತ್ತಾನ್ ನಂತರ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾಗಿ ನಮ್ಮ ಕರಾವಳಿಗೆ ಬಂದರು. ಅವರು ತೀರಿಕೊಂಡದ್ದು 2024ರ ಜುಲೈನಲ್ಲಿ. ಕ್ರಿಬಿಯೆ ಅದೇ ವರ್ಷದ ಫೆಬ್ರವರಿಯಲ್ಲಿ ಹೋಗಿದ್ದರು. ಒಬ್ಬರು ಬಡ ಯುವಕರಿಗಾಗಿ, ಇನ್ನೊಬ್ಬರು ಯಾರೂ ಮುಟ್ಟದ ಮುದುಕರಿಗಾಗಿ ಜೀವಮಾನ ಕೊಟ್ಟವರು. ಅದೇ ವರ್ಷ ಮೈವಾಲನ್ನು ವಿದೇಶಿ ವಾಲ್ವುಗಳ ಜೊತೆ 768 ರೋಗಿಗಳಲ್ಲಿ ಹೋಲಿಸಿದ ಪರೀಕ್ಷೆಯ ಫಲಿತಾಂಶವೂ ಬಂತು. ಮೊದಲ 30 ದಿನದ ಲೆಕ್ಕದಲ್ಲಿ ಅದು ಹಿಂದೆ ಬೀಳಲಿಲ್ಲ. ಮುಂದಿನ ವರ್ಷಗಳ ಲೆಕ್ಕ ಆಗ ಇನ್ನೂ ಬಂದಿರಲಿಲ್ಲ.

ಕೇಳಬೇಕಾದ ಮಾತು

"ಸಕ್ಸಸ್ ಆಗುತ್ತದಾ" ಎಂಬ ಬದಲು ಹೀಗೆ ಕೇಳಿ. ಇವರ ವಯಸ್ಸು, ಕಿಡ್ನಿ, ಶ್ವಾಸಕೋಶ ನೋಡಿದರೆ ಇವರಂಥವರಲ್ಲಿ ನೂರಕ್ಕೆ ಎಷ್ಟು ಮಂದಿ ಒಂದು ವರ್ಷದ ನಂತರ ಬದುಕಿದ್ದಾರೆ? ಎಷ್ಟು ಮಂದಿ ತಾವಾಗಿ ವುಳೂ ಮಾಡಿ ನಮಾಝ್‌ಗೆ ನಿಲ್ಲುವಷ್ಟು ಚೇತರಿಸಿಕೊಂಡಿದ್ದಾರೆ? ಆಪರೇಷನ್ ಏಕೆ ಬೇಡ, ಅಥವಾ ಏಕೆ ಮೇಲು? ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ಎಷ್ಟು? ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಟಾವಿ ಮಾಡುತ್ತೀರಿ? ಯಾವ ವಾಲ್ವ್, ಏಕೆ?

ಗಡಿಯಲ್ಲಿರುವ ನಮಗೆ ಇನ್ನೂ ಎರಡಿವೆ. ಕೇರಳದ ಆರೋಗ್ಯ ಕಾರ್ಡ್ ಮಂಗಳೂರಿನ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ವಾಲ್ವ್ ಹಾಕಿದ ಮೇಲೆ ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು, ಹಲ್ಲು ಕೀಳಿಸುವಾಗ ವಾಲ್ವಿನ ವಿಷಯ ಹೇಳಬೇಕು, ಜ್ವರ ಬಿಡದಿದ್ದರೆ ತಕ್ಷಣ ತೋರಿಸಬೇಕು. ಇವನ್ನೆಲ್ಲ ಕಾಸರಗೋಡಿನಲ್ಲೇ ಯಾರು ನೋಡುತ್ತಾರೆ? 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಏನು ಅನುಭವಿಸಿದರು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೇಗೆ ಹೋಯಿತು ಎಂಬುದು ನೆನಪಿದೆ. ಕಾಗದಪತ್ರಗಳ ಒಂದು ಪ್ರತಿ, ವಾಲ್ವಿನ ಕಾರ್ಡ್ ಸಮೇತ, ಊರಿನ ಡಾಕ್ಟರ ಬಳಿಯೂ ಇರಲಿ.

ಇವೆಲ್ಲಕ್ಕಿಂತ ಮೊದಲಿನ ಕೆಲಸ ಸಣ್ಣದು. ಉಮ್ಮ ಗೋಡೆ ಹಿಡಿದು ನಿಂತರೆ ಡಾಕ್ಟರ ಬಳಿ ಕರೆದೊಯ್ಯಿರಿ. ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಕಿರಿದಾದ ವಾಲ್ವಿನ ಸದ್ದು ಹೆಚ್ಚಾಗಿ ಕೇಳಿಸುತ್ತದೆ, ಒಂದು ಎಕೋದಲ್ಲಿ ಖಚಿತವಾಗುತ್ತದೆ. ಆಮೇಲೆ ವಾಲ್ವ್ ಹಾಕಿಸುವುದೋ ಬೇಡವೋ ಎಂದು ಕುಳಿತು ಮಾತಾಡೋಣ, ಉಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು.